ಉಲ್ಲೇಖಶಾಸ್ತ್ರಕ್ಕೆ ಒಂದು ಕೊಳ್ಳೇಗಾಲದ ಪ್ರವೇಶಿಕೆ

ಪ್ರಸ್ತುತ ಪ್ರಬಂಧವು ರಾಸಾಯನಿಕ ಎಂಜಿನಿಯರಿಂಗ್ ಸಂಶೋಧಕನೆಂಬ ಜೀವಿಯ ಪ್ರಕಟಣಾ-ಸಾಂದ್ರತೆ ಹಾಗೂ ಉಲ್ಲೇಖ-ಪ್ರಭಾವಗಳ ಬಹುಆಯಾಮಿ ಪರಿಪ್ರೇಕ್ಷ್ಯವನ್ನು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಸಂದರ್ಭೀಕರಣದಲ್ಲಿ ಅನುಸಂಧಾನಿಸುತ್ತದೆ. ಈ ವಾಕ್ಯ ಅರ್ಥವಾಗದಿದ್ದರೆ ಪ್ರಬಂಧ ಸರಿದಾರಿಯಲ್ಲಿದೆ ಎಂದೇ ತಿಳಿಯತಕ್ಕದ್ದು.

ಮಾನದಂಡ ನಿರೂಪಣೆ. 2005ರಲ್ಲಿ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹಿರ್ಶ್ 'ಎಚ್-ಸೂಚ್ಯಂಕ'ವನ್ನು ಲೋಕಕ್ಕೆ ಕೊಟ್ಟ. ಒಬ್ಬನ 20 ಲೇಖನಗಳು ತಲಾ 20 ಸಲವಾದರೂ ಉಲ್ಲೇಖವಾಗಿದ್ದರೆ ಅವನ ಎಚ್ 20. ಒಂದೇ ಲೇಖನ ಬರೆದವನನ್ನು ಸಾವಿರ ಜನ ನೆನೆದರೂ ಅವನ ಎಚ್ 1ರ ಮೇಲೆ ಏಳುವುದಿಲ್ಲ. ಈ ಲೆಕ್ಕದಲ್ಲಿ ಯಳಂದೂರಿನ ಷಡಕ್ಷರದೇವನ ಕನ್ನಡ ಕಾವ್ಯಗಳು ಮೂರೇ ಆದ್ದರಿಂದ, ಪಂಡಿತರು 17ನೆಯ ಶತಮಾನದಿಂದ ಎಷ್ಟೇ ಉಲ್ಲೇಖಿಸಿದ್ದರೂ ಕವಿಯ ಎಚ್ 3 ದಾಟದು, ಬಡ್ತಿಗೆ ಅನರ್ಹ. ಕಬ್ಬಿಣ ತರಲು ಹಲಗೂರಿಗೆ ಹೋದ ಈ ಸೀಮೆಯ ಜನಪದ ನಾಯಕ ಸಿದ್ದಪ್ಪಾಜಿಯ ಕತೆಯನ್ನು ಚಿಕ್ಕಲ್ಲೂರು ಜಾತ್ರೆಯಲ್ಲಿ ನೀಲಗಾರರು ಇಂದಿಗೂ ಹಾಡುತ್ತಾರೆ. ಅನುದಾನವಿಲ್ಲದೆ ಕಚ್ಚಾವಸ್ತು ಸಂಗ್ರಹಿಸಿದ ಕ್ಷೇತ್ರಕಾರ್ಯವಿದು. ಪ್ರಕಟಿತ ಲೇಖನ ಇಲ್ಲ. ಎಚ್ ಸೊನ್ನೆ.

ಉಲ್ಲೇಖಗಳಲ್ಲಿ ಐದು ಬಗೆ. ಮೊದಲನೆಯದು ಮುಯ್ಯಿ-ಉಲ್ಲೇಖ. ನಮ್ಮ ಕಡೆ ಮದುವೆಮನೆಯ ಬಾಗಿಲಲ್ಲಿ ಒಬ್ಬ ನೋಟ್‌ಬುಕ್ ಹಿಡಿದು ಕೂತಿರುತ್ತಾನಲ್ಲ, ಯಾರು ಎಷ್ಟು ಮಾಡಿದರೆಂದು ಬರೆಯಲು, ಅವನೇ ಈ ಶಾಸ್ತ್ರದ ಆದ್ಯಪ್ರವರ್ತಕ. ನೀನು ನನಗೆ ಮೂರು ಮಾಡಿದ್ದೀಯೆ, ನಾನು ನಿನಗೆ ನಾಲ್ಕು. ಎರಡನೆಯದು ಸ್ವಯಂಭು: ತನ್ನನ್ನು ತಾನೇ ಉಲ್ಲೇಖಿಸಿಕೊಳ್ಳುವುದು. ಮೂರನೆಯದು ಭಯೋಲ್ಲೇಖ: ಪರಿಶೀಲಕ ಮಹಾಶಯರು ಹೆಸರು ಹೇಳದೆ ತಮ್ಮ ಆರು ಲೇಖನಗಳನ್ನು ಸೇರಿಸಲು 'ಸಲಹೆ' ಕೊಟ್ಟಾಗ ತೆರುವ ಕಪ್ಪ. ಉಳಿದೆರಡೂ ಈ ಮೂರರ ದಾಯಾದಿಗಳೇ; ಬರೆಯಲು ಬೇಸರ.

2010ರ ಯುಜಿಸಿ ನಿಯಮ ಲೇಖನಕ್ಕಿಷ್ಟು ಎಂದು ಅಂಕ ಕಟ್ಟಿದ್ದೇ ತಡ, ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚುಹಾಕುವ 'ಅಂತಾರಾಷ್ಟ್ರೀಯ' ಪತ್ರಿಕೆಗಳು ಮಳೆಗಾಲದ ಅಣಬೆಯಂತೆ ಎದ್ದವು. 2018ರಲ್ಲಿ ಯುಜಿಸಿಯೇ ತನ್ನ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತು ಹಾಕಿತು. ಅವುಗಳಿಂದ ಬಂದ ಬಡ್ತಿಗಳನ್ನು ಯಾರು ಕಿತ್ತರು? 2020ರಲ್ಲಿ ಹಿರ್ಶ್ ಕೂಡ ಈ ಸೂಚ್ಯಂಕದಿಂದ ಕೇಡೂ ಆಗಬಹುದೆಂದು ಬರೆದ. ಭಸ್ಮಾಸುರನಿಗೆ ವರ ಕೊಟ್ಟವನಿಗೂ ತಡವಾಗಿಯೇ ತಿಳಿದದ್ದು.

ಪ್ರಕರಣ ಅಧ್ಯಯನ. ರೇಷ್ಮೆಗೂಡನ್ನು ಬಿಸಿನೀರಲ್ಲಿ ಬೇಯಿಸಿದರೆ ಎಳೆ ಹಿಡಿದ ಅಂಟು ಸಡಿಲವಾಗುತ್ತದೆ. ಆ ಅಂಟೇ ಸೆರಿಸಿನ್, ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲುಭಾಗ. ನೂಲುವಾಗ ಒಂದಿಷ್ಟು ಹೋಗುತ್ತದೆ. ಉಳಿದದ್ದನ್ನು ಬಣ್ಣಕ್ಕೆ ಮುಂಚೆ ಸೋಪು, ಸೋಡದಲ್ಲಿ ಕುದಿಸಿ ತೆಗೆಯುತ್ತಾರೆ. ಆ ನೀರು ಚರಂಡಿಗೆ ಬಿದ್ದರೆ ಕೊಳೆತು ನಾರುತ್ತದೆ, ಸೇರಿದ ಕೆರೆಯ ಆಮ್ಲಜನಕ ತಿನ್ನುತ್ತದೆ. ಹಿಡಿದುಕೊಂಡರೆ ಮುಖಕ್ಕೆ ಹಚ್ಚುವ ಕ್ರೀಮಿಗೆ ಬೆಲೆಬಾಳುವ ಸರಕು. ಸೂಕ್ಷ್ಮ ಪೊರೆಯಲ್ಲಿ ಸೋಸಿ, ಮದ್ಯಸಾರ ಹಾಕಿ ಗರಣೆ ಕಟ್ಟಿಸಿ, ಹೇಗೆಲ್ಲ ಹಿಡಿಯಬಹುದೆಂದು ಬರೆದ ಲೇಖನಗಳು ರಾಶಿ ಬಿದ್ದಿವೆ. ಅದರಲ್ಲಿ ಒಂದು ನನ್ನದು. ಮಾದರಿ ನೀರು ತುಂಬಿಕೊಂಡದ್ದು ಕೊಳ್ಳೇಗಾಲದಲ್ಲಿ, ನಮ್ಮ ಚಿಕ್ಕಮ್ಮ ನೂಲು ತೆಗೆಯುತ್ತಿದ್ದ ಒಲೆಯ ಬಾಣಲೆಯಿಂದ. ಕ್ಯಾನು ಹೊತ್ತು ಹೊರಟವನನ್ನು ಅವಳು ಕೇಳಿದಳು: "ಅದ ತಕಂಡೋಗಿ ಏನ್ಮಾಡಿಯೆ ಮಗ? ಉಳಿದ ನೀರ ಎಲ್ಲಿಗ ಬುಡನ ಏಳು."

ಹೇಳಲಿಲ್ಲ. ಇಂದಿಗೂ ಹೇಳಿಲ್ಲ. ಲೇಖನ ಇಂಗ್ಲಿಷಿನಲ್ಲಿದೆ, ಓದಲು ದುಡ್ಡು ಕೊಡಬೇಕು, ಮತ್ತು ಅದರಲ್ಲಿ ಅವಳು 'ಸ್ಥಳೀಯ ಮೂಲ' ಎಂಬ ಎರಡು ಪದ. ಅದನ್ನು ಉಲ್ಲೇಖಿಸಿದವರಲ್ಲಿ ಯಾರೂ ಗೂಡು ಬೇಯುವ ವಾಸನೆ ಕುಡಿದವರಲ್ಲ. ದಿನವಿಡೀ ಬಿಸಿನೀರಲ್ಲಿ ಅದ್ದಿ ಎಳೆಯ ತುದಿ ಹುಡುಕುವ ಅವಳ ಬೆರಳ ಚರ್ಮ ಬೆಳ್ಳಗೆ ಬೆಂದು ಸುಲಿದಿರುತ್ತದೆ. ಉಣ್ಣುವಾಗ ಮುದ್ದೆ ಮುರಿಯಲು ಎಡಗೈ ಸೇರಿಸುತ್ತಾಳೆ. ಅದಕ್ಕೆ ಯಾವ ಸೂಚ್ಯಂಕವನ್ನೂ ಯಾವ ಮಗನೂ ಕಟ್ಟಲಿಲ್ಲ, ನಾನೂ ಸೇರಿ.

ಹೋದ ವರ್ಷ ಸಂಸ್ಥೆಯೊಂದರ ಬಡ್ತಿ ಅರ್ಜಿ ಕಂಪ್ಯೂಟರಿನಲ್ಲಿ ತುಂಬುತ್ತಿದ್ದೆ. 'ಸಂಶೋಧನೆಯ ಸಾಮಾಜಿಕ ಪ್ರಭಾವ' ಎಂಬ ಖಾನೆ ಬಂತು. 'ಚಿಕ್ಕಮ್ಮನ ಬೆರಳು' ಎಂದು ಬೆರಳಚ್ಚಿಸಿದೆ. ಖಾನೆ ಕೆಂಪಾಯಿತು: ಅಂಕಿ ಮಾತ್ರ ನಮೂದಿಸಿ.

10 ಎಂದು ಹಾಕಿದೆ. ತೆಗೆದುಕೊಂಡಿತು.