ಹತ್ತನೆಯ ಅನುಸೂಚಿಗೆ ಹುಕ್ಕೇರಿಯ ಮತದಾರನ ಓಲೆ

ಭಾರತ ಸಂವಿಧಾನದ ಹತ್ತನೆಯ ಅನುಸೂಚಿಯವರ ದಿವ್ಯಸನ್ನಿಧಾನಕ್ಕೆ,

ಘಟಪ್ರಭೆಯ ದಡದ ಮತದಾರನೊಬ್ಬನ ಸಾಷ್ಟಾಂಗ ಪ್ರಣಾಮಗಳು. ಉಭಯ ಕುಶಲೋಪರಿ ಸಾಂಪ್ರತ. ಒಂದು ಪಕ್ಷದ ಹೆಸರಿನಲ್ಲಿ ಗೆದ್ದವರು ಇನ್ನೊಂದರ ಪಂಕ್ತಿಯಲ್ಲಿ ಕುಳಿತು ಉಣ್ಣಬಾರದೆಂಬ ಸದುದ್ದೇಶದಿಂದ ತಾವು 1985ರಲ್ಲಿ, ಐವತ್ತೆರಡನೆಯ ತಿದ್ದುಪಡಿಯ ಗರ್ಭದಿಂದ, ಅವತರಿಸಿದಿರಷ್ಟೆ. ಅದೇ ವರ್ಷ, ತಂದೆ ವಿಶ್ವನಾಥ ಕತ್ತಿಯವರ ನಿಧನದಿಂದ ತೆರವಾದ ಹುಕ್ಕೇರಿಯ ಸ್ಥಾನವನ್ನು ಉಪಚುನಾವಣೆಯಲ್ಲಿ ಗೆದ್ದು, ಬೆಲ್ಲದ ಬಾಗೇವಾಡಿಯ ತರುಣ ಉಮೇಶ ಕತ್ತಿಯವರು ವಿಧಾನಸಭೆಯನ್ನು ಪ್ರವೇಶಿಸಿದರು. ಹೀಗೆ ಸಾರ್ವಜನಿಕ ಜೀವನದಲ್ಲಿ ತಾವಿಬ್ಬರೂ ಓರಗೆಯವರು. ಓರಗೆಯವರ ಜಾತಕಗಳನ್ನು ಎದುರುಬದುರು ಇಟ್ಟು ನೋಡುವುದು ನಮ್ಮ ಕಡೆಯ ಹಳೆಯ ಚಟವಾದುದರಿಂದ ಈ ಓಲೆಯನ್ನು ಬರೆಯುವ ಧಾರ್ಷ್ಟ್ಯವನ್ನು ವಹಿಸಿದ್ದೇನೆ. ದಿವಂಗತರನ್ನು ನಿಂದಿಸುವುದು ನನ್ನ ಇಂಗಿತವಲ್ಲ. ಅಪರಾಧಿಯ ಹೆಸರನ್ನು ಕೊನೆಯಲ್ಲಿ ಅರಿಕೆ ಮಾಡುವೆನು.

ಜನತಾ ಪಕ್ಷದಲ್ಲಿ ಮೊದಲಾದ ಕತ್ತಿಯವರ ಯಾತ್ರೆಯು ಜನತಾ ದಳವನ್ನು ಹಾದು, ದಳವು ಒಡೆದಾಗ ಸಂಯುಕ್ತ ಜನತಾ ದಳವನ್ನು ಮುಟ್ಟಿತು. ಇಷ್ಟರ ಮಟ್ಟಿಗೆ ಅವರನ್ನು ಪಕ್ಷಾಂತರಿಯೆನ್ನಲು ನನ್ನ ನಾಲಿಗೆ ಏಳದು. ಮನೆಯನ್ನು ಬಿಟ್ಟು ಹೋದವನನ್ನು ಆಕ್ಷೇಪಿಸಬಹುದು, ಮಲಗಿದ್ದವನ ಮೇಲಣ ಮನೆಯೇ ಪಾಲಾಗಿ ಹೋದರೆ ಅವನೇನು ಮಾಡಿಯಾನು? ಅನಂತರ 2004ರಲ್ಲಿ ಕಾಂಗ್ರೆಸ್ಸು, 2008ರ ಮೇ ತಿಂಗಳಿನಲ್ಲಿ ಜಾತ್ಯತೀತ ದಳ, ಅದೇ ವರ್ಷದ ಡಿಸೆಂಬರಿನಲ್ಲಿ ಭಾರತೀಯ ಜನತಾ ಪಕ್ಷ. ಚಕ್ರ, ಕೈ, ತೆನೆ, ಕಮಲ: ಒಕ್ಕಲುತನಕ್ಕೆ ಬೇಕಾದುದೆಲ್ಲವೂ ಒಂದೇ ಜಾತಕದಲ್ಲಿ ಕೂಡಿಬಂದಿತು.

ಈ ಅವಧಿಯಲ್ಲಿ ತಾವೇನು ಮಾಡುತ್ತಿದ್ದಿರೆಂದು ಕೇಳಿದರೆ ಅವಿನಯವಾದೀತು. ಆದರೂ ನಮ್ಮ ತಾಲ್ಲೂಕಿನಲ್ಲಿಯೇ ಹಿಡಕಲ್ ಅಣೆಕಟ್ಟು ಇರುವುದರಿಂದ, ನೀರನ್ನು ತಡೆಯುವವರ ಕಷ್ಟವನ್ನು ನಾವು ಬಲ್ಲೆವು. ಮೊದಲಲ್ಲಿ, ಮೂರನೆಯ ಒಂದು ಪಾಲು ಶಾಸಕರು ಒಟ್ಟಾಗಿ ಹೊರಟರೆ ಅದನ್ನು ಒಡಕೆಂದು ಮನ್ನಿಸುವ ಬಿರುಕೊಂದು ತಮ್ಮ ಗೋಡೆಯಲ್ಲಿತ್ತು. 2003ರ ತೊಂಬತ್ತೊಂದನೆಯ ತಿದ್ದುಪಡಿಯು ಅದಕ್ಕೆ ಗಾರೆ ಮೆತ್ತಿತು. ಆದರೆ ಯಾವ ಅಣೆಕಟ್ಟಿಗಾದರೂ ಒಂದು ಕೋಡಿ ಇರಲೇಬೇಕಲ್ಲವೆ? ತಮ್ಮ ಕೋಡಿಗೆ ರಾಜೀನಾಮೆಯೆಂದು ಹೆಸರು. ಗೆದ್ದ ಸ್ಥಾನವನ್ನು ಬಿಟ್ಟುಕೊಟ್ಟು, ಹೊಸ ಪಕ್ಷದ ಹೆಸರಿನಲ್ಲಿ ಅದೇ ಸ್ಥಾನವನ್ನು ಮರಳಿ ಗೆಲ್ಲುವ ಆ ವಿದ್ಯೆಯನ್ನು 2008ರಲ್ಲಿ ಕತ್ತಿಯವರೂ, ನೆರೆಯ ಅರಭಾವಿಯ ಬಾಲಚಂದ್ರ ಜಾರಕಿಹೊಳಿಯವರೂ ಏಕಕಾಲದಲ್ಲಿ ಸಾಧಿಸಿ ತೋರಿಸಿದರು. 2019ರಲ್ಲಿ ಗೋಕಾಕದ ರಮೇಶ ಜಾರಕಿಹೊಳಿಯವರನ್ನು ಸಭಾಧ್ಯಕ್ಷರು ಅನರ್ಹಗೊಳಿಸಿದಾಗ ತಾವು ಕೊಂಚ ಮೈಕೊಡವಿದಂತೆ ಕಂಡಿತು. ಸರ್ವೋಚ್ಚ ನ್ಯಾಯಾಲಯವು ನವೆಂಬರಿನಲ್ಲಿ ಆ ಅನರ್ಹತೆಯನ್ನು ಎತ್ತಿಹಿಡಿದು, ಚುನಾವಣೆಗೆ ನಿಲ್ಲಲು ಮಾತ್ರ ಅಡ್ಡಿಯಿಲ್ಲವೆಂದಿತು. ಡಿಸೆಂಬರಿನಲ್ಲಿ ಗೋಕಾಕದ ಜನ, ಕಾಂಗ್ರೆಸ್ಸಿನಿಂದ ಎದುರು ನಿಂತ ತಮ್ಮ ಲಖನ್ ಅವರನ್ನು ಬಿಟ್ಟು, ಕಮಲ ಹಿಡಿದು ಬಂದ ಅಣ್ಣನನ್ನೇ ಆರಿಸಿದರು. ಎರಡು ರಾಷ್ಟ್ರೀಯ ಪಕ್ಷಗಳು ಒಂದು ಮನೆಯ ಎರಡು ಕೋಣೆಗಳಾಗಿ ಬಾಳುವ ಸೌಹಾರ್ದವನ್ನು ಸಂವಿಧಾನಕರ್ತರು ಊಹಿಸಿರಲಾರರು.

ಘಟಪ್ರಭಾ ರೈಲುನಿಲ್ದಾಣದ ಬಳಿಯ ಚಹಾದಂಗಡಿಯಲ್ಲಿ ಒಮ್ಮೆ ಹುಡುಗನೊಬ್ಬನು, “ಸಾವ್ಕಾರ್ರು ಈಗ ಯಾವ ಪಾರ್ಟಿಯಾಗ ಅದಾರ್ರೀ ಕಾಕಾ?” ಎಂದು ಕೇಳಲು, ಬಸಿಯಲ್ಲಿ ಚಹಾ ಆರಿಸುತ್ತಿದ್ದ ಮುದುಕರು ತಲೆಯೆತ್ತದೆಯೇ, “ಸಾವ್ಕಾರ್ರ ಪಾರ್ಟಿಯಾಗ ಅದಾರ ತಮ್ಮಾ, ಗುರ್ತು ಯಾವ್ದಂತ ಓಟು ಹಾಕೂಮುಂದ ನೋಡಿದ್ರ ಆತು” ಎಂದರು. ಮಹನೀಯರೆ, ತಮ್ಮ ಮೇಲೆ ಬರೆದ ಭಾಷ್ಯಗಳಲ್ಲಿ ಇದಕ್ಕಿಂತ ಸಂಕ್ಷಿಪ್ತವಾದುದನ್ನು ನಾನು ಕಾಣೆ.

ಕತ್ತಿಯವರಲ್ಲಿ ಸ್ಥೈರ್ಯವಿರಲಿಲ್ಲವೆಂದರೆ ಅಪಚಾರವಾದೀತು. ಕ್ಷೇತ್ರವನ್ನು ಅವರು ಒಮ್ಮೆಯೂ ಬದಲಿಸಲಿಲ್ಲ. ಮಂತ್ರಿಪದವಿಯಲ್ಲಿದ್ದಾಗಲೂ ಉತ್ತರ ಕರ್ನಾಟಕಕ್ಕೆ ಪ್ರತ್ಯೇಕ ರಾಜ್ಯವೆಂಬ ಮಾತನ್ನು ಬಿಡಲಿಲ್ಲ. ಪಕ್ಷಗಳನ್ನು ಒಂದೊಂದಾಗಿ ಬಿಟ್ಟು ಬೇಸತ್ತವರು ಒಂದೇ ಸಲಕ್ಕೆ ರಾಜ್ಯವನ್ನೇ ಬಿಡಲು ಬಯಸಿದರೆಂದು ಕುಹಕಿಗಳು ಆಡಿಕೊಂಡಾರು, ನಾನು ಅಂಥವನಲ್ಲ. 2022ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ಅರಣ್ಯಮಂತ್ರಿಗಳಾಗಿದ್ದರು. ಮರುವರ್ಷ ನಾವು ಅವರ ಪುತ್ರ ನಿಖಿಲರನ್ನು ಆರಿಸಿ ಕಳುಹಿಸಿದೆವು.

ಇನ್ನು ಅಪರಾಧಿಯ ಹೆಸರು. ಉಮೇಶ ಕತ್ತಿಯವರಿಗೆ ಎಂಟು ವಿಜಯಗಳನ್ನು ಕೊಟ್ಟವರು ನಾವು. 2004ರಲ್ಲಿ ಒಮ್ಮೆ ‘ಒಲ್ಲೆವು’ ಎಂದುದುಂಟು. ಹಾಗೆನ್ನಲು ನಮಗೆ ಬರುತ್ತದೆಂಬುದಕ್ಕೆ ಅದೊಂದೇ ಸಾಕ್ಷಿ. 2008ರ ಮೇ ತಿಂಗಳಿನಲ್ಲಿ ನಾವು ಕೊಟ್ಟ ಮತವನ್ನು ಅವರು ನಡುವೆಯೇ ಹಿಂತಿರುಗಿಸಿದರು. ಏಕೆ ಹಿಂತಿರುಗಿಸಿದಿರೆಂದು ಕೇಳದೆ ಡಿಸೆಂಬರಿನಲ್ಲಿ ಅದನ್ನೇ ತೊಳೆದು ಮತ್ತೆ ಅವರ ಕೈಗಿತ್ತೆವು. ಶಾಸಕನನ್ನು ಪಕ್ಷಕ್ಕೆ ಕಟ್ಟುವ ಹಗ್ಗವು ತಮ್ಮ ಕೈಯಲ್ಲಿತ್ತು, ಅದು ಸಡಿಲವಾಯಿತು. ಶಾಸಕನನ್ನು ಮತದಾರನಿಗೆ ಕಟ್ಟುವ ಹಗ್ಗವು ನಮ್ಮ ಕೈಯಲ್ಲಿತ್ತು. ಪ್ರತಿಸಲವೂ ಅದನ್ನು ಬೀದಿಗೆ ಅಡ್ಡವಾಗಿ ಬಿಗಿದು, ಮಾವಿನೆಲೆ ಸಿಕ್ಕಿಸಿ, ವಿಜಯಯಾತ್ರೆಗೆ ತೋರಣವನ್ನು ಮಾಡಿದೆವು.

ಆದಕಾರಣ, ಮುಂದಿನ ತಿದ್ದುಪಡಿಯಲ್ಲಿ ನನ್ನಂಥವರನ್ನೂ ಅನರ್ಹರ ಪಟ್ಟಿಗೆ ಸೇರಿಸಬೇಕೆಂದು ಕೋರುತ್ತೇನೆ. ಒಂದೇ ಪ್ರಾರ್ಥನೆ: ಕೋಡಿಯೊಂದನ್ನು ನಮಗೂ ಇಟ್ಟಿರಿ.

ಇತಿ ತಮ್ಮ ವಿಧೇಯ,
ಬೆರಳಿನ ಮಸಿ ಆರದ ಮತದಾರ