ಗುಡುಗಿದ ಮೇಲೆ ವಾಡೆ ತೆಗೆಯೋದು

ಅಕ್ಕ, ಬಟ್ಟೆ ಹರವಿ ಆಯ್ತಾ? ಹಾಗಾದ್ರೆ ಒಂದ್ನಿಮಿಷ ಬೇಲಿ ಹತ್ರ ಬನ್ನಿ. ಹಿಟ್ಟೈಟರ ವಿಷಯ ಓದ್ತಿದ್ದೆ. ಈಗಿನ ಟರ್ಕಿಯ ನಡುಭಾಗದಲ್ಲಿ, 3,200 ವರ್ಷದ ಹಿಂದಿನವರೆಗೂ ರಾಜ್ಯ ಆಳಿದೋರು. ಹತ್ತೂಸ ಅಂತ ರಾಜಧಾನಿ. ಮಿತನ್ನಿ ಅನ್ನೋ ರಾಜ್ಯದ ಜೊತೆ ಮಾಡ್ಕೊಂಡ, ಇಂದ್ರ, ವರುಣ, ಮಿತ್ರರ ಹೆಸರಿರೋ ಒಪ್ಪಂದದ ಮಣ್ಣಿನ ಹಲಗೆ ಸಿಕ್ತಲ್ಲ, ಅದೇ ಊರು. ಅಲ್ಲಿ ಸಿಕ್ಕಿದ ಸಾವಿರಾರು ಹಲಗೆ ಚೂರುಗಳಲ್ಲಿ ಹಬ್ಬದ ವಿಷಯವೇ ಎಲ್ಲಕ್ಕಿಂತ ಜಾಸ್ತಿ. ಯಾವ ದೇವರಿಗೆ ಎಷ್ಟು ರೊಟ್ಟಿ, ಎಷ್ಟು ಬಿಯರ್, ಯಾರು ಎಲ್ಲಿ ನಿಂತು ಯಾವಾಗ ಬಗ್ಗಬೇಕು ಅಂತ. ಓದಿದ್ರೆ ಆಕಳಿಕೆ ಬರುತ್ತೆ, ಸುಳ್ಳು ಯಾಕೆ ಹೇಳ್ಲಿ.

ಆದ್ರೆ ಸಣ್ಣ ಊರುಗಳ ಹಬ್ಬ ಹಾಗಲ್ಲ. ಸುಗ್ಗಿ ಮುಗಿದು ಶರತ್ಕಾಲ ಬಂದಾಗ ದೇವರ ಹೆಸರಲ್ಲಿ ಒಂದು ದೊಡ್ಡ ವಾಡೆಗೆ ಕಾಳು ತುಂಬೋರು. ಎತ್ತರದ ಸೀಮೆ, ಚಳಿಗಾಲದಲ್ಲಿ ಹಿಮ. ವಸಂತ ಬಂದು ಗುಡುಗಿದಾಗ ಆ ವಾಡೆ ತೆಗೆಯೋರು. ಬಿತ್ತನೆಗಾ ಅಂತೀರಾ? ಅಲ್ಲ ಅಕ್ಕ, ಬೀಸಿ, ರೊಟ್ಟಿ ಸುಟ್ಟು, ದೇವರ ಮುಂದಿಡೋಕೆ. ಮಳೆ ನಂಬಿದ ಬೇಸಾಯ ನೋಡಿ, ದೊಡ್ಡ ದೇವರೇ ಗುಡುಗಿನ ದೇವರು. ಪಂಚಾಂಗ ನೋಡಿ ದಿನ ಇಡೋಕಿಂತ ಅವನೇ ಕೂಗಿ ಹೇಳ್ಲಿ ಅನ್ನೋದು ನನಗಂತೂ ಹಿಡಿಸ್ತು.

ಆಮೇಲೆ ದೇವರನ್ನ ಊರಾಚೆ ನೆಟ್ಟ ಕಲ್ಲಿನ ಹತ್ರ ಹೊತ್ಕೊಂಡು ಹೋಗಿ ಊಟ, ಕುಡಿತ, ಕುಸ್ತಿ, ಗುಂಡು ಎಸೆಯೋದು. ಗುರ್ಶಮಶ್ಶ ಅಂತ ಒಂದೂರಲ್ಲಿ ಗಂಡಸರು ಎರಡು ಪಾಳಿಯಾಗಿ ಹೊಡೆದಾಟದ ಆಟವನ್ನೂ ಆಡ್ತಿದ್ರು. ಒಂದು ಪಾಳಿ ಹತ್ತಿಯೋರು, ಅಂದ್ರೆ ತಮ್ಮೋರು. ಇನ್ನೊಂದು ಮಾಸದೋರು, ಪಡುವಣ ಸೀಮೆಯ ಪರದೇಶದೋರು. ಹತ್ತಿಯೋರ ಕೈಗೆ ಕಂಚಿನ ಆಯುಧ, ಮಾಸದೋರ ಕೈಗೆ ಜೊಂಡಿನ ಕಡ್ಡಿ! ಗೆಲ್ಲೋದು ಯಾರು ಅಂತ ಹಲಗೆಯಲ್ಲೇ ಮೊದಲೇ ಬರೆದಿಟ್ಟಿದ್ದಾರೆ. ಸೋತ ಕಡೆಯಿಂದ ಒಬ್ಬನನ್ನ ಸೆರೆ ಹಿಡಿದು ದೇವರಿಗೆ ಒಪ್ಪಿಸೋರು. ಜೊಂಡು ಹಿಡಿಯೋ ಸರದಿ ಬಂದ ಭಾವಮೈದ ಮನೆಗೆ ಹೋಗಿ ಏನಂದಿರಬೇಕೋ.

ರಾಜನ ಪಾಡೂ ಸುಲಭ ಇರ್ಲಿಲ್ಲ. ವಸಂತದಲ್ಲಿ ನೆಲದಿಂದ ತಲೆಯೆತ್ತೋ ಒಂದು ಗಿಡದ ಹೆಸರಿನ ಹಬ್ಬ, ಕೇಸರಿ ಜಾತಿಯ ಗಿಡ ಇರಬೇಕು ಅಂತಾರೆ. ಅದೊಂದೇ 38 ದಿನ. ರಾಜ ರಾಣಿ ಊರಿಂದೂರಿಗೆ ಹೋಗಿ ಪೂಜೆ ಮಾಡ್ಬೇಕು. ದಂಡಯಾತ್ರೆಗೆ ಹೋದೋನು ಶರತ್ಕಾಲಕ್ಕೆ ವಾಪಸ್ ಬಂದ ಅಂದ್ರೆ ಇನ್ನೊಂದು ಹಬ್ಬ, ಅದೂ ತಿಂಗಳು ದಾಟುತ್ತೆ. ಉಳಿದ ದಿನದಲ್ಲಿ ಯುದ್ಧ ಮಾಡ್ಕೋಬೇಕು ಪಾಪ.

ನನಗೆ ಎಲ್ಲಕ್ಕಿಂತ ನಗು ಬಂದಿದ್ದು ಗುಡಿಯೋರಿಗೆ ಬರೆದ ಕಟ್ಟಳೆ ಓದಿ. ಹಬ್ಬ ಮಾಡಿಸ್ಬೇಕಾದೋನು ಬಂದು, ಕೊಯ್ಲಿದೆ, ಮದುವೆ ಕೊಡುಗೆ ಹೊಂದಿಸ್ಬೇಕು, ಪ್ರಯಾಣ ಇದೆ, ಅದು ಮುಗಿಸ್ಕೊಂಡು ಆಮೇಲೆ ಹಬ್ಬ ಮಾಡ್ತೀನಿ ಅಂದ್ರೆ ಒಪ್ಪಬೇಡಿ ಅಂತ ಅದರಲ್ಲಿದೆ. ಬರೆದೋನಿಗೆ ರೈತರು ಚೆನ್ನಾಗಿ ಗೊತ್ತು. ಕೊಯ್ಲಿಗೋಸ್ಕರ ದೇವರು, ದೇವರಿಗೋಸ್ಕರ ಕೊಯ್ಲು ನಿಲ್ಲಬೇಕು. ಇದ್ಯಾವ ನ್ಯಾಯ ಅಂತ ಆ ರೈತ ಗೊಣಗದೆ ಇರ್ತಾನಾ?

ದೇವರ ಹೊಲ ಉಳೋರ ವಿಷಯವೂ ಉಂಟು. ಉಳೋ ಎತ್ತನ್ನ ಮಾರಿಕೊಂಡೋ ಕಡಿದು ತಿಂದೋ, ಸೊರಗಿ ಸತ್ತೋಯ್ತು, ಕಾಲು ಮುರ್ಕೊಂತು, ಓಡೋಯ್ತು, ಗೂಳಿ ತಿವೀತು ಅಂತ ಹೇಳ್ಬಾರ್ದು. ನೆಪಗಳ ಪಟ್ಟಿ ಇಷ್ಟುದ್ದ ಇದೆ ಅಂದ್ರೆ ಒಂದೊಂದನ್ನೂ ಯಾರೋ ಹೇಳಿ ನೋಡಿರಬೇಕು. ಸಿಕ್ಕಿಬಿದ್ರೆ ಎತ್ತು ತುಂಬಿಕೊಡ್ಬೇಕು. ಸಿಕ್ಕಿಬೀಳದಿದ್ರೆ ದೇವರ ಮುಂದೆ ನಿಲ್ಲಬೇಕು, ಅಲ್ಲಿ ತಪ್ಪು ಕಂಡ್ರೆ ತಲೆದಂಡ.

ಈ ನೆಪದ ಕಾಟ ಅರಮನೆಯನ್ನೂ ಬಿಟ್ಟಿರ್ಲಿಲ್ಲ ಅನ್ನಿ. ಕ್ರಿ.ಪೂ. 14ನೇ ಶತಮಾನದ ಕೊನೆ, ಎರಡನೇ ಮುರ್ಸಿಲಿ ಆಳೋ ಹೊತ್ತಿಗೆ ರಾಜ್ಯಕ್ಕೆಲ್ಲ ಪಿಡುಗು. ಅವರಪ್ಪನ ಕಾಲದಲ್ಲಿ ಈಜಿಪ್ಟಿನ ಸೆರೆಯಾಳುಗಳ ಜೊತೆ ಬಂದಿದ್ದು, 20 ವರ್ಷ ಆದ್ರೂ ಬಿಟ್ಟಿರ್ಲಿಲ್ಲ. ಯಾಕೆ ಅಂತ ಹುಡುಕಿದಾಗ ಹಳೇ ಹಲಗೆಯೊಂದು ಸಿಕ್ತು. ಮಾಲಾ ನದಿಗೆ, ಅಂದ್ರೆ ಯೂಫ್ರೆಟಿಸ್‌ಗೆ, ಹಿಂದಿನ ರಾಜರು ಮಾಡ್ತಿದ್ದ ಪೂಜೆ ಅಪ್ಪನ ಕಾಲದಿಂದ ನಿಂತೇಹೋಗಿತ್ತು! ಮಗ ಕೈಮುಗಿದ, ಆದ್ರೆ ಸುಮ್ನೆ ಮುಗೀಲಿಲ್ಲ. ಉಳೋರೇ ಸತ್ತೋದ್ರು, ದೇವರ ಹೊಲ ಉಳೋರಿಲ್ಲ, ಕೊಯ್ಯೋರಿಲ್ಲ. ಬೀಸೋ ಹೆಂಗಸರು ಸತ್ತೋದ್ರು, ದೇವರ ರೊಟ್ಟಿ ಮಾಡೋರಿಲ್ಲ ಅಂತ ಪ್ರಾರ್ಥನೆಯಲ್ಲೇ ಲೆಕ್ಕ ಒಪ್ಪಿಸಿಬಿಟ್ಟ. ಬೇಡ್ಕೊಂಡಿದ್ದೋ ಜಗಳ ಆಡಿದ್ದೋ ನೀವೇ ಹೇಳಿ. ಅಷ್ಟೆಲ್ಲ ವಾದ ಮಾಡಿದೋನು, ಮಾಲಾ ನದಿ ಪೂಜೆಯನ್ನ ಮಾತ್ರ ಮುಂದಕ್ಕೆ ಹಾಕಲಿಲ್ಲ, ಮಾಡ್ತೀನಿ ಅಂತ ಒಪ್ಕೊಂಡ.