ಏಳು ಜಲಪಾತ, ಒಂದು ಭಾನುವಾರ

(ಸಿದ್ದಾಪುರ ತಾಲೂಕಿನ ಹೆಗ್ಗರಣಿ ಬದಿಯ ತೋಟದ ಮನೆ. ಜುಲೈ ತಿಂಗಳು, ಮಳೆ ಬರುತ್ತಿದೆ ಎಂದು ಬೇರೆ ಹೇಳಬೇಕಾಗಿಲ್ಲ. ಗಣಪತಿ ಹೆಗಡೆಯವರು ಅಡಿಕೆಯ ಕೊಳೆ ಔಷಧಿಗೆ ಸುಣ್ಣ ಸೋಸುತ್ತ, ಮಳೆ ಹೊಳವಾಗುವುದನ್ನು ಕಾಯುತ್ತ ಜಗಲಿಯಲ್ಲಿ ಕೂತಿದ್ದಾರೆ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಂದ ಇಳಿದ ಅಳಿಯ ಕಾರ್ತಿಕ, ಮೊಬೈಲ್ ಹಿಡಿದು ಬರುತ್ತಾನೆ.)

ಕಾರ್ತಿಕ: ಮಾವ, ನಿಮ್ಮ ಕಾರು ಬೇಕು. ಇವತ್ತು ಏಳು ಜಲಪಾತ ಮುಗಿಸ್ಬೇಕು.

ಮಾವ: ಮುಗಿಸೋದಾ? ಬಾಕಿ ಇದೆ ಅಂತ ಯಾರಾದ್ರೂ ನೋಟಿಸ್ ಕೊಟ್ಟಿದಾರನಾ ತಮಾ?

ಕಾರ್ತಿಕ: ಪಟ್ಟಿ ಕೇಳಿ. ಉಂಚಳ್ಳಿ, ಬುರುಡೆ, ಜೋಗ, ಮಾಗೋಡು, ಸಾತೊಡ್ಡಿ, ಕೂಡ್ಲು ತೀರ್ಥ. ಸಂಜೆ ದೂಧ್‌ಸಾಗರ್‌ನಲ್ಲಿ ಸೂರ್ಯಾಸ್ತ.

ಮಾವ: ಸೂರ್ಯ ಸಿಕ್ಕಿದ್ರೆ ನಮ್ಮನೆ ಕಡೆಗೂ ಒಂದ್ಸಲ ಬಂದು ಹೋಗೋಕೆ ಹೇಳು. ಅಡಿಕೆ ಕೊಳೀತಾ ಇದೆ. ಅಲ್ಲ ಮಾರಾಯ, ಕೂಡ್ಲು ತೀರ್ಥ ಇರೋದು ಆಗುಂಬೆ ಘಟ್ಟದ ಕೆಳಗೆ, ಹೆಬ್ರಿ ಕಡೆ. ದೂಧ್‌ಸಾಗರ ಗೋವಾ ಗಡಿ. ಒಂದು ದಕ್ಷಿಣ, ಒಂದು ಉತ್ತರ.

ಕಾರ್ತಿಕ: ಕ್ಯಾಸಲ್‌ರಾಕ್‌ ತನಕ ಕಾರು, ಆಮೇಲೆ ರೈಲು ಹಳಿ ಮೇಲೆ ನಡ್ಕೊಂಡು ಹೋದ್ರಾಯ್ತು. 310 ಮೀಟರ್ ಎತ್ತರ ಮಾವ, ಮಧ್ಯದಲ್ಲಿ ರೈಲು ಹಾದುಹೋಗುತ್ತೆ!

ಮಾವ: 2023ರ ಜುಲೈನಲ್ಲಿ ಹಂಗೇ ಹಳಿ ಮೇಲೆ ಹೋದವರಿಗೆ ರೈಲ್ವೆ ಪೊಲೀಸರು ಬಸ್ಕಿ ಹೊಡೆಸಿದ್ರಲ್ಲ, ಆ ವಿಡಿಯೊ ನನಗೆ ಕಳಿಸಿದವನು ನೀನೇ. ಬಸ್ಕಿ ಹೊಡಿಯೋದಾದ್ರೆ ಇಲ್ಲೇ ಅಂಗಳದಲ್ಲಿ ಹೊಡಿ, ಡೀಸೆಲ್ಲಾದ್ರೂ ಉಳೀತದೆ.

ಕಾರ್ತಿಕ: ಸರಿ, ಅವೆರಡು ಬಿಟ್ಟೆ. ಯಲ್ಲಾಪುರಕ್ಕೆ ಹೋದ್ರೆ ಮಾಗೋಡು, ಸಾತೊಡ್ಡಿ ಎರಡೂ ಆಗುತ್ತೆ.

ಮಾವ: ಮಾಗೋಡಲ್ಲಿ ಬೇಡ್ತಿ ಹೊಳೆ ಎರಡು ಹಂತದಲ್ಲಿ ಸುಮಾರು 200 ಮೀಟರ್ ಇಳೀತದೆ. ದೂರದ ದಿಬ್ಬದಿಂದ ನೋಡಬೇಕು. ಈಗ ಹೋದ್ರೆ ಕಣಿವೆ ತುಂಬ ಮಂಜು. ಸಪ್ಪಳ ಮಾತ್ರ ಕೇಳ್ತದೆ.

ಕಾರ್ತಿಕ: ಸಪ್ಪಳಾನೇ ರೆಕಾರ್ಡ್ ಮಾಡ್ತೀನಿ.

ಮಾವ: ಅದಕ್ಕೆ ಅಷ್ಟು ದೂರ ಯಾಕೆ? ನಮ್ಮ ಕೊಟ್ಟಿಗೆ ಮಾಡಿಂದ ಬೀಳೋ ನೀರಿನ ಸಪ್ಪಳ ಹಿಡ್ಕೋ, ಮಾಗೋಡು ಅಂತ ಹಾಕು. ಬೆಂಗಳೂರಲ್ಲಿ ಯಾರಿಗೆ ಗೊತ್ತಾಗ್ತದೆ?

ಕಾರ್ತಿಕ: ಜೋಗ ಅಂತೂ ಹತ್ತಿರ.

ಮಾವ: ಹೊರಡೋ ಮುಂಚೆ ಲಿಂಗನಮಕ್ಕಿಲಿ ನೀರೆಷ್ಟಿದೆ ಕೇಳ್ಕೋ. 1964ರಲ್ಲಿ ಅಣೆಕಟ್ಟು ಆದಲ್ಲಿಂದ ಶರಾವತಿ ಮೊದಲು ಕರೆಂಟು ಕೊಡಬೇಕು, ಆಮೇಲೆ ಜಿಗೀಬೇಕು. 253 ಮೀಟರಿನ ಬಂಡೆ ಎಲ್ಲಿಗೂ ಹೋಗಲ್ಲ. ಆದ್ರೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಮೈತುಂಬಿ ಕಾಣಬೇಕಾದ್ರೆ ಅಣೆಕಟ್ಟಿನ ಗೇಟು ತೆಗೀಬೇಕು.

(ಸರೋಜತ್ತೆ ತೆಳ್ಳೇವು, ಜೋನಿ ಬೆಲ್ಲ ತಂದಿಡುತ್ತಾರೆ.)

ಅತ್ತೆ: ಇವರನ್ನ ಕೇಳಿದ್ರೆ ಹೊರಟವನಿಗೆ ಹೊಸ್ತಿಲು ದಾಟೋಕೆ ಬಿಡಲ್ಲ. ಅಘನಾಶಿನಿಗೆ ಯಾರೂ ಅಣೆಕಟ್ಟು ಕಟ್ಟಿಲ್ಲ. ಮಳೆ ಎಷ್ಟು ಬಂತೋ ಅಷ್ಟೂ ನೀರು ಉಂಚಳ್ಳಿಲಿ ಬೀಳ್ತದೆ. ಉಂಚಳ್ಳಿಗೆ ಹೋಗು.

ಕಾರ್ತಿಕ: ಅದರ ಬಗ್ಗೆ ಓದಿದೆ ಅತ್ತೆ. 116 ಮೀಟರ್. 1845ರಲ್ಲಿ ಲಶಿಂಗ್‌ಟನ್ ಅನ್ನೋ ಬ್ರಿಟಿಷ್ ಕಲೆಕ್ಟರ್ ಕಂಡುಹಿಡಿದನಂತೆ.

ಮಾವ: ಅಲ್ಲಿ ತನಕ ನಮ್ಮ ಮುತ್ತಜ್ಜನವರು ಹೊಳೆ ಎಲ್ಲಿ ಕಳೆದುಹೋಯ್ತು ಅಂತ ಹುಡುಕ್ತಾ ಇದ್ರಾ?

ಅತ್ತೆ: ಊರವರು ಕೆಪ್ಪ ಜೋಗ ಅಂತಾರೆ. ಪಕ್ಕದಲ್ಲಿ ನಿಂತು ಕೂಗಿದ್ರೂ ಕೇಳಲ್ಲ. ಅದಕ್ಕೇ ಇವರನ್ನ ಕರ್ಕೊಂಡು ಹೋಗೋದು ಬಿಟ್ಟೆ. ನಾನು ಹೇಳಿದ್ದು ಕೇಳದೇ ಇರೋಕೆ ಇವರಿಗೆ ಜಲಪಾತ ಬೇಕಾಗಿಲ್ಲ.

ಮಾವ: ಏನಂದೆ?

ಕಾರ್ತಿಕ: ಡ್ರೋನ್ ತಂದಿದೀನಿ ಅತ್ತೆ, ಮೇಲಿಂದ ಶೂಟ್ ಮಾಡ್ತೀನಿ.

ಅತ್ತೆ: ಅರಣ್ಯ ಇಲಾಖೆ ಅನುಮತಿ ಇದ್ಯಾ? ಅದು ಸಿಂಗಳೀಕಗಳ ಕಾಡು. 2011ರಲ್ಲೇ ಅವಕ್ಕೆ ಅಂತ ಸಂರಕ್ಷಿತ ಪ್ರದೇಶ ಮಾಡಿದಾರೆ. ಅವುಗಳ ತಲೆ ಮೇಲೆ ಫ್ಯಾನು ತಿರುಗಿಸಬೇಡ.

ಕಾರ್ತಿಕ: ಕೆಳಗಿಳಿದು ಒಂದು ಸ್ನಾನನಾದ್ರೂ...

ಅತ್ತೆ (ಲೋಟ ಕೆಳಗಿಟ್ಟು): ಅದು ಮಾತ್ರ ಬೇಡ. ಬಂಡೆ ತುಂಬ ಹಾವಸೆ, ಕಾಲಿಟ್ಟಲ್ಲಿ ಜಾರ್ತದೆ. ಇಲ್ಲಿ ಹೊಳವಾಗಿದ್ರೂ ಮೇಲೆ ಶಿರಸಿ ಕಡೆ ಹೊಯ್ದ ನೀರು ಯಾವಾಗ ಬಂತು ಅಂತ ಗೊತ್ತೇ ಆಗಲ್ಲ. ಕಟ್ಟೆ ಈಚೆ ನಿಂತು ನೋಡು, ಅಲ್ಲೇ ಸ್ನಾನ ಆಗ್ತದೆ. ಹನಿ ಅಲ್ಲಿ ತನಕ ಹಾರ್ತದೆ.

ಕಾರ್ತಿಕ: ಉಂಬಳದ ಭಯ ಇಲ್ಲ ಬಿಡಿ. ಒಂಬೈನೂರು ರೂಪಾಯಿ ಕೊಟ್ಟು ಸ್ಪೆಷಲ್ ಕಾಲುಚೀಲ ತಂದಿದೀನಿ.

ಮಾವ: ಎಲ್ಲಿ?

ಕಾರ್ತಿಕ: ಬ್ಯಾಗಲ್ಲಿ.

ಮಾವ: ಬ್ಯಾಗಿಗೆ ಕಚ್ಚಲ್ಲ ಬಿಡು. ನಿನ್ನ ಎಡಗಾಲು ನೋಡ್ಕೋ.

(ಕಾರ್ತಿಕ ಬಗ್ಗಿ ನೋಡುತ್ತಾನೆ. ದಾರದೆಳೆಯಂಥ ಉಂಬಳವೊಂದು ಚಪ್ಪಲಿಯ ಪಟ್ಟಿಯ ಮೇಲೆ ಹಿಂದಿನ ತುದಿ ಊರಿ, ಮುಂದಿನ ತುದಿ ಚಾಚಿ, ಗೇಣು ಹಾಕುತ್ತ ಹತ್ತುತ್ತಿದೆ. ಹಿಮ್ಮಡಿಯ ಹತ್ತಿರ ಇನ್ನೊಂದು ಆಗಲೇ ಊಟ ಮುಗಿಸಿ ಗುಂಡಗಾಗಿದೆ. ಕಾರ್ತಿಕ ಕಿರುಚುತ್ತಾನೆ, ದನ ಕೂಡ ತಿರುಗಿ ನೋಡುತ್ತದೆ.)

ಅತ್ತೆ: ಎಳೀಬೇಡ, ಉಪ್ಪು ಹಾಕು, ತಾನಾಗಿ ಬಿಡ್ತದೆ. ರಕ್ತ ಸ್ವಲ್ಪ ಹೊತ್ತು ನಿಲ್ಲಲ್ಲ, ಗಾಬರಿ ಬೇಡ. ಹೋಗುವಾಗ ಸುಣ್ಣ, ಹೊಗೆಸೊಪ್ಪು ಗಂಟು ಕಟ್ಟಿಕೊಡ್ತೀನಿ, ಕಾಲಿಗೆ ತಿಕ್ಕೋ.

ಕಾರ್ತಿಕ (ಕ್ಷೀಣ ದನಿಯಲ್ಲಿ): ಬುರುಡೆ ಜಲಪಾತ ಹೆಂಗೆ ಅತ್ತೆ?

ಅತ್ತೆ: ಚೆಂದ ಇದೆ. ಆದ್ರೆ ಈ ಮಳೇಲಿ ಅದರ ದಾರಿಗೆ ಕಾರು ಇಳಿಸಿದ್ರೆ ಹತ್ತಿಸೋಕೆ ಊರೇ ಬರಬೇಕು. ಇವತ್ತು ಉಂಚಳ್ಳಿ ಒಂದೇ. ಹೆಗ್ಗರಣಿಯಿಂದ ಐದು ಕಿಲೋಮೀಟರು, ಕಾಡುದಾರಿ, ನಡ್ಕೊಂಡೇ ಹೋಗು. ನಾಲ್ಕು ಗಂಟೆ ಒಳಗೆ ವಾಪಸ್ ಹೊರಡು, ಆಮೇಲೆ ಕಾನೊಳಗೆ ಕತ್ತಲು. ಉಳಿದಿದ್ದಕ್ಕೆಲ್ಲ ದೀಪಾವಳಿಗೆ ಬಾ. ಮಳೆ ಬಿಟ್ಟಿರ್ತದೆ, ಹೊಳೇಲಿ ನೀರಿರ್ತದೆ, ಮಂಜು ಇರಲ್ಲ, ಉಂಬಳಾನೂ ಕಮ್ಮಿ.

ಮಾವ: ಬಾ ಬಾ, ರಜೆ ಜಾಸ್ತಿನೇ ಹಾಕ್ಕೊಂಡು ಬಾ. ಅಷ್ಟೊತ್ತಿಗೆ ಅಡಿಕೆ ಕೊಯ್ಲು ಶುರುವಾಗಿರ್ತದೆ, ಆಳು ಸಿಗ್ತಾ ಇಲ್ಲ.